ಸೊಂಟ ಹಿಡ್ಕೊಂಡ್ರೆ ಮಲಗಿಬಿಡ್ಬೇಡಿ

(ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರು, ಗೂಡಿಂದ ನೂಲು ಬಿಚ್ಚೋ ರೀಲರ್‌ಗಳು, ಹಾಲಿನ ಡೈರಿ ಮಹಿಳೆಯರ ಮುಂದೆ ನಾನು ಮಾತಾಡಿದ್ದನ್ನ ರೆಕಾರ್ಡಿಂಗ್ ಕೇಳ್ಕೊಂಡು ಬರ್ದಿದ್ದು.)

ಒಳಗೆ ಬರ್ತಾ ನೋಡಿದೆ, ಐದಾರು ಜನ ತೊಡೆ ಮೇಲೆ ದೊಡ್ಡ ಕವರ್ ಇಟ್ಕೊಂಡು ಕೂತಿದೀರ, ಎಂಆರ್‌ಐ ಫಿಲ್ಮ್ ಇರೋ ಕವರ್. ಅದನ್ನ ಸ್ವಲ್ಪ ಹೊತ್ತು ಕುರ್ಚಿ ಕೆಳಗೆ ಇಟ್ಬಿಡಿ. ಕಡೇಲಿ ಒಬ್ಬೊಬ್ಬರದ್ದೂ ನೋಡ್ತೀನಿ, ಈಗ ಬೇಡ. ಯಾಕಂದ್ರೆ ಇಷ್ಟು ವರ್ಷ ಫಿಸಿಯೋಥೆರಪಿ ಮಾಡಿ ನಾನು ಕಂಡಿರೋದು ಏನಂದ್ರೆ ಆ ಕವರ್ ಕೈಯಲ್ಲಿ ಇರೋವರೆಗೂ ಯಾರ ಮಾತೂ ಕಿವಿಗೆ ಬೀಳಲ್ಲ, ಅದರಲ್ಲಿ ಬರ್ದಿರೋ ನಾಲ್ಕು ಪದಾನೇ ತಲೇಲಿ ತಿರುಗ್ತಾ ಇರುತ್ತೆ, ಡಿಸ್ಕ್ ಬಲ್ಜ್, ಡಿಜೆನರೇಶನ್, ನರ್ವ್ ಕಂಪ್ರೆಷನ್, ಅಂದ್ರೆ ಬೆನ್ನು ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ, ಸವೆದಿದೆ, ನರ ಒತ್ತಿದೆ ಅಂತ. ಹೋದ ತಿಂಗಳು ಒಬ್ಬ ಅಕ್ಕ ಬಂದ್ರು, ನಲವತ್ತೆಂಟು ವಯಸ್ಸು, ಬಂದು ಕೂತ್ಕೊಳ್ಳೋಕೆ ಮುಂಚೆನೇ "ಮೇಡಂ ನನ್ನ ಬೆನ್ನು ಮೂಳೆ ಸವೆದು ಹೋಗಿದೆಯಂತೆ, ಇನ್ನು ನಾನು ಹುಲ್ಲು ಹೊರೆ ಎತ್ತಂಗಿಲ್ಲ, ಮೊಮ್ಮಗೂನ ಎತ್ಕೊಳ್ಳಂಗಿಲ್ಲ" ಅಂತ ಕಣ್ಣಲ್ಲಿ ನೀರು. ನೋವು ಎಷ್ಟು ದಿನದಿಂದ ಅಂತ ಕೇಳಿದ್ರೆ ಹದಿನೆಂಟು ದಿನ. ಹದಿನೆಂಟು ದಿನದ ನೋವಿಗೆ ಆಯಮ್ಮ ಜೀವನ ಪೂರ್ತಿ ಮುಗೀತು ಅಂದ್ಕೊಂಡಿದ್ರು!

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. 2015ರಲ್ಲಿ ಒಂದು ದೊಡ್ಡ ಲೆಕ್ಕ ಹೊರಗೆ ಬಂತು, ಹಲವಾರು ದೇಶದ 33 ಅಧ್ಯಯನ ಒಟ್ಟು ಸೇರ್ಸಿ, ಬೆನ್ನು ನೋವು ಏನೇನೂ ಇಲ್ಲದ 3110 ಜನರ ಸ್ಕ್ಯಾನ್ ನೋಡಿದ್ರು. ನೋವೇ ಇಲ್ಲದೋರು, ಗಮನಿಸಿ. ಇಪ್ಪತ್ತು ವಯಸ್ಸಿನ ಹುಡುಗ್ರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ ಸವೆತ ಇತ್ತು, 30 ಜನಕ್ಕೆ ಬಲ್ಜ್ ಇತ್ತು. ಐವತ್ತಕ್ಕೆ ಬರೋ ಹೊತ್ತಿಗೆ ಸವೆತ ನೂರಕ್ಕೆ 80, ಎಂಬತ್ತು ವಯಸ್ಸಲ್ಲಿ 96. ಅಂದ್ರೆ ಈ ಹಾಲ್‌ನಲ್ಲಿ ಏನೂ ನೋವಿಲ್ಲದೆ ಆರಾಮಾಗಿ ಕೂತಿರೋ ಐವತ್ತು ದಾಟಿದ ಅಣ್ಣಂದಿರನ್ನ ಸಾಲಾಗಿ ಕರ್ಕೊಂಡೋಗಿ ಸ್ಕ್ಯಾನ್ ಮಾಡ್ಸಿದ್ರೆ ಹತ್ತರಲ್ಲಿ ಎಂಟು ಜನಕ್ಕೆ ಅದೇ ರಿಪೋರ್ಟ್ ಬರುತ್ತೆ. ತಲೆಕೂದಲು ನರೆಯೋ ಹಾಗೆ ಡಿಸ್ಕೂ ನರೆಯುತ್ತೆ, ಅದಕ್ಕೆ ಡಿಜೆನರೇಶನ್ ಅಂತ ಹೆಸರು. ಹಂಗಂತ ಸ್ಕ್ಯಾನ್ ಸುಳ್ಳು ಅಂತಲ್ಲ, ಅದು ಬೇಕಾಗೋ ಸಂದರ್ಭ ಇದೆ, ಮುಂದೆ ಬರ್ತೀನಿ. ಸೊಂಟ ಹಿಡ್ಕೊಂಡ ಮೊದಲ ವಾರಾನೇ ಸಾವಿರಾರು ರೂಪಾಯಿ ಸಾಲ ಮಾಡ್ಕೊಂಡು ಹೋಗಿ ಮಾಡಿಸ್ಬೇಡಿ ಅಂತ ಅಷ್ಟೆ.

ಡಿಸ್ಕ್ ಜಾರಿದೆ ಅಂತೀವಲ್ಲ, ಅದು ಜಾರಲ್ಲ. ಬೆನ್ನಿನ ಎರಡೆರಡು ಮೂಳೆ ನಡುವೆ ಒಂದೊಂದು ಡಿಸ್ಕ್, ಒಟ್ಟು 23, ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಅಂಟ್ಕೊಂಡಿರುತ್ತೆ, ಸೋಪು ಜಾರಿದಂಗೆ ಜಾರೋಕೆ ಅಲ್ಲಿ ಜಾಗಾನೇ ಇಲ್ಲ. ಒಬ್ಬಟ್ಟು ಮಾಡ್ತೀರಲ್ಲ, ಹೊರಗೆ ಕಣಕ ಒಳಗೆ ಹೂರಣ. ಡಿಸ್ಕೂ ಹಂಗೇನೆ, ಹೊರಗೆ ಪದರ ಪದರವಾಗಿ ಗಟ್ಟಿ ನಾರು, ಒಳಗೆ ಮೆತ್ತಗಿನ ತಿರುಳು. ಲಟ್ಟಿಸೋವಾಗ ಒಂದು ಕಡೆ ಕಣಕ ತೆಳ್ಳಗಾದ್ರೆ ಅಲ್ಲಿ ಉಬ್ಬುತ್ತೆ, ಅದು ಬಲ್ಜ್. ಕಣಕ ಸೀಳಿ ಹೂರಣ ಹೊರಗೆ ಬಂದ್ರೆ ಅದು ಹರ್ನಿಯೇಶನ್, ಪಕ್ಕದಲ್ಲೇ ಹೋಗೋ ನರಕ್ಕೆ ಅದು ತಾಗಿದ್ರೆ ಪಿರ್ರೆಯಿಂದ ಹಿಡಿದು ಮೀನಖಂಡದವರೆಗೂ ಕರೆಂಟ್ ಹೊಡ್ದಂಗೆ ಎಳೆತ, ಅದೇ ಸಯಾಟಿಕಾ. ಈಗ ನಿಜವಾಗ್ಲೂ ಆಶ್ಚರ್ಯದ ವಿಷಯ ಕೇಳಿ. ಹೊರಗೆ ಬಂದ ಆ ಹೂರಣಾನ ನಮ್ಮ ಮೈ ಹೊರಗಿನ ವಸ್ತು ಅಂತ ತಿಳ್ಕೊಂಡು ರಕ್ತದ ಕಣಗಳನ್ನ ಕಳ್ಸಿ ಸ್ವಲ್ಪ ಸ್ವಲ್ಪಾನೇ ತಿಂದು ಕರಗಿಸಿಬಿಡುತ್ತೆ. ಅದರಲ್ಲೂ ಜಾಸ್ತಿ ಹೊರಗೆ ಬಂದಿದ್ದು, ತುಂಡಾಗಿ ಬಿದ್ದಿದ್ದು ಬೇಗ ಕರಗುತ್ತೆ, ಸುಮ್ಮನೆ ಉಬ್ಬಿದ್ದು ಅಷ್ಟು ಕರಗಲ್ಲ. ಸ್ಕ್ಯಾನಲ್ಲಿ ನೋಡೋಕೆ ಅತಿ ಭಯಂಕರವಾಗಿ ಕಾಣೋದೇ ತಾನಾಗಿ ವಾಸಿಯಾಗೋ ಸಾಧ್ಯತೆ ಜಾಸ್ತಿ ಇರೋದು. ಇದನ್ನ ನಾನು ಓದಿದಾಗ ನಂಬೋಕೇ ಆಗ್ಲಿಲ್ಲ, ಆಮೇಲೆ ನಮ್ಮ ರೋಗಿಗಳಲ್ಲೇ ನೋಡಿದೆ.

ಇಲ್ಲಿ ನಮ್ಮಪ್ಪನ ವಿಷಯ ಹೇಳ್ಬೇಕು. ನಾನು ಹೈಸ್ಕೂಲಲ್ಲಿ ಓದ್ತಿದ್ದಾಗ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪಿನ ಹೊರೆ ಎತ್ತೋವಾಗ ಅಪ್ಪನಿಗೆ ನಡ ಹಿಡ್ಕೊಳ್ತು. ಅವತ್ತು ಹೊರೆ ಅಲ್ಲೇ ಬಿತ್ತು, ಅಪ್ಪನ್ನ ನಾಲ್ಕು ಜನ ಹಿಡ್ಕೊಂಡು ಮನೆಗೆ ತಂದ್ರು. ಆಸ್ಪತ್ರೆಲಿ ಒಬ್ರು ಪೂರ್ತಿ ರೆಸ್ಟ್, ಎದ್ದೇಳ್ಲೇಬಾರದು ಅಂದ್ರು. ನಾವು ಆರು ವಾರ ಮಲಗಿಸಿದ್ವಿ. ಊಟ ಹಾಸಿಗೇಲಿ, ಎಲ್ಲಾ ಹಾಸಿಗೇಲಿ. ನಡುವೆ ಕಾಲು ಮುಂದಾಗಿ ಹುಟ್ಟಿದೋರು ತುಳಿದ್ರೆ ನೋವು ಹೋಗುತ್ತೆ ಅನ್ನೋ ನಂಬಿಕೆಗೆ ಅಂಥ ಒಬ್ಬರನ್ನ ಕರೆಸಿ ಸೊಂಟ ತುಳಿಸಿದ್ದೂ ಆಯ್ತು. ಆರು ವಾರ ಆಗಿ ಎದ್ದು ನಿಲ್ಲಿಸಿದ್ರೆ ತೊಡೆ ಸಣ್ಣಗಾಗಿ ಕಡ್ಡಿ ಆಗಿತ್ತು, ಹತ್ತು ಹೆಜ್ಜೆ ಹಾಕಿದ್ರೆ ನಡುಕ. ನೋವಿಗಿಂತ ಹೆಚ್ಚಾಗಿ ಭಯ ಕೂತ್ಬಿಟ್ಟಿತ್ತು ಅವ್ರಿಗೆ, ಬಗ್ಗೋದೇ ಬಿಟ್ಬಿಟ್ರು, ಆ ವರ್ಷ ಎರಡು ಬೆಳೆಗೆ ರೇಷ್ಮೆ ಹುಳದ ಮೊಟ್ಟೆ ತರ್ಲೇ ಇಲ್ಲ. ಆ ಮಲಗಿಸಿದ್ದೇ ನಾವು ಮಾಡಿದ ತಪ್ಪು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ್ಮೇಲೆ, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಯಾಕಂದ್ರೆ ಅದು ಆಗಲೇ ಗೊತ್ತಿರೋ ವಿಷಯ ಆಗಿತ್ತು. 1986ರಲ್ಲೇ ಅಮೆರಿಕದಲ್ಲಿ ಎರಡು ದಿನ ಮಲಗಿದೋರನ್ನ ಏಳು ದಿನ ಮಲಗಿದೋರ ಜೊತೆ ಹೋಲಿಸಿ ನೋಡಿ ಜಾಸ್ತಿ ಮಲಗಿದ್ರಿಂದ ಏನೂ ಲಾಭ ಇಲ್ಲ ಅಂತ ತೋರಿಸಿದ್ರು, 1995ರಲ್ಲಿ ಫಿನ್ಲೆಂಡಲ್ಲಿ ಒಂದು ಗುಂಪನ್ನ ಮಲಗಿಸಿ, ಒಂದು ಗುಂಪಿಗೆ ವ್ಯಾಯಾಮ ಕೊಟ್ಟು, ಇನ್ನೊಂದು ಗುಂಪಿಗೆ ನೋವು ತಡೆಯೋವಷ್ಟು ದಿನನಿತ್ಯದ ಕೆಲಸ ಮಾಡ್ಕೊಂಡಿರಿ ಅಂತ ಬಿಟ್ರು. ಎಲ್ರಿಗಿಂತ ಬೇಗ ಚೇತರಿಸ್ಕೊಂಡಿದ್ದು ಕೆಲಸ ಮಾಡ್ಕೊಂಡಿದ್ದ ಗುಂಪು.

ಹಂಗಾಗಿ ಸೊಂಟ ಹಿಡ್ಕೊಂಡ್ರೆ ಒಂದು ದಿನ, ತೀರಾ ಆಗದೇ ಹೋದ್ರೆ ಎರಡು ದಿನ, ಅದೂ ಪೂರ್ತಿ ಅಲ್ಲ, ಗಂಟೆಗೊಂದ್ಸಲ ಎದ್ದು ಅಂಗಳದವರೆಗೆ ಹೋಗಿ ಬನ್ನಿ. ಬಿಸಿ ನೀರಿನ ಶಾಖ ಕೊಡಿ, ಹಿತವಾಗಿರುತ್ತೆ. ಬಹಳ ಜನಕ್ಕೆ ಎರಡು ವಾರದಲ್ಲಿ ಅರ್ಧ ಕಮ್ಮಿ ಆಗುತ್ತೆ, ಆರು ವಾರದೊಳಗೆ ಹೆಚ್ಚಿನ ಪಾಲು ಹೋಗುತ್ತೆ.

ಈಗ ಬರದಂಗೆ ನೋಡ್ಕೊಳ್ಳೋದು ಹೆಂಗೆ. ಪುಸ್ತಕದಲ್ಲಿ ಕುರ್ಚಿ ಹಿಂಗಿರ್ಲಿ, ಕಂಪ್ಯೂಟರ್ ಹಂಗಿರ್ಲಿ ಅಂತ ಬರ್ದಿರ್ತಾರೆ, ನಮ್ಮೂರಿಗೆ ಅದು ಎಷ್ಟು ಜನಕ್ಕೆ ಬೇಕು? ನಮ್ಮ ಹೆಣ್ಮಕ್ಕಳ ದಿನ ಶುರುವಾಗೋದು ಬೆಳಗ್ಗೆ ಐದಕ್ಕೆ, ಎದ್ದ ತಕ್ಷಣ ಕೊಟ್ಟಿಗೇಲಿ ಬಗ್ಗಿ ಸಗಣಿ ಬಾಚೋದು, ಆಮೇಲೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯೋದು, ಆರೂವರೆಗೆ ಡೈರಿಗೆ ಕ್ಯಾನ್ ಹೋಗ್ಬೇಕು. ಇದರಲ್ಲಿ ಒಂದು ಸೂಕ್ಷ್ಮ ಇದೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರ್ಕೊಂಡು ಉಬ್ಬುತ್ತೆ, ಬೆಳಗ್ಗೆ ನಾವೆಲ್ಲ ಸಂಜೆಗಿಂತ ಒಂದು ಸೆಂಟಿಮೀಟರ್‌ಗೂ ಜಾಸ್ತಿ ಎತ್ತರ ಇರ್ತೀವಿ, ಬೇಕಾದ್ರೆ ಗೋಡೆಗೆ ಗೆರೆ ಹಾಕಿ ಅಳೆದು ನೋಡಿ. ಉಬ್ಬಿರೋ ಡಿಸ್ಕ್ ಬಗ್ಗಿದಾಗ ಜಾಸ್ತಿ ಬಿಗಿಯುತ್ತೆ. ಬೆಳಗ್ಗೆ ಎದ್ದ ಹೊಸದರಲ್ಲಿ ಬಗ್ಗೋ ಕೆಲಸ ಕಮ್ಮಿ ಮಾಡಿದೋರಿಗೆ ನೋವು ಕಮ್ಮಿ ಆಗಿದ್ದನ್ನ 1998ರಲ್ಲಿ ಪರೀಕ್ಷೆ ಮಾಡಿ ತೋರ್ಸಿದಾರೆ. ಹಸು ಕಾಯಲ್ಲ, ಡೈರಿನೂ ಕಾಯಲ್ಲ, ನನಗೆ ಗೊತ್ತು. ಆದ್ರೆ ಕೆಲಸದ ಸರದಿ ಬದಲಾಯಿಸ್ಬೋದು. ಎದ್ದ ತಕ್ಷಣ ಒಲೆ ಹಚ್ಚಿ, ನೀರು ಕಾಯೋಕಿಡಿ, ಹಸುಗೆ ಮೇವು ಹಾಕಿ, ನಿಂತು ಮಾಡೋ ಕೆಲಸ ಎಲ್ಲಾ ಮೊದಲು. ಹಾಲು ಕರೆಯೋಕೆ ಒಂದು ಸಣ್ಣ ಮಣೆಯೋ ಸ್ಟೂಲೋ ಇಟ್ಕೊಳ್ಳಿ. ಸಗಣಿ ಬಾಚೋದು ಕಡೇಗಿರ್ಲಿ, ಅದಕ್ಕೂ ಉದ್ದ ಹಿಡಿ ಹಾಕಿಸಿದ ಬಾಚಣಿಕೆ ಮಾಡಿಸ್ಕೊಳ್ಳಿ. ಪೊರಕೆಗೂ ಅಷ್ಟೆ, ಮೊಳದುದ್ದದ ಪೊರಕೆ ಹಿಡ್ಕೊಂಡು ಅಂಗಳ ಪೂರ್ತಿ ಎರಡಾಗಿ ಬಗ್ಗಿ ಗುಡಿಸೋದು ನಮ್ಮ ಕಡೆ ಹೆಂಗಸರ ಸೊಂಟ ನೋವಿಗೆ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ, ಅದಕ್ಕೊಂದು ಕೋಲು ಕಟ್ಟಿದ್ರೆ ಖರ್ಚು ಏನೂ ಇಲ್ಲ.

ಸೊಪ್ಪಿನ ಹೊರೆ ವಿಷಯ. ನಾಲ್ಕನೇ ಜ್ವರ, ಅಂದ್ರೆ ರೇಷ್ಮೆ ಹುಳ ಕೊನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ತಿನ್ನೋ ತಿನ್ನಾಟ ನಿಮಗೇ ಗೊತ್ತು, ಬೆಳೆ ಪೂರ್ತಿ ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ನನ್ನ ಹತ್ರ ಬರೋ ಬೆಳೆಗಾರರನ್ನ ಯಾವಾಗ ಹಿಡ್ಕೊಳ್ತು ಅಂತ ಕೇಳಿದ್ರೆ ಹತ್ತರಲ್ಲಿ ಆರೇಳು ಜನ ಹೇಳೋದು ಆ ವಾರಾನೇ, ಇಲ್ಲಾಂದ್ರೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋ ದಿನ. ನಿದ್ದೆ ಇಲ್ಲ, ಕೂಲಿಯವರು ಸಿಕ್ಕಿಲ್ಲ, ಮನೆಯೋರೇ ಎಲ್ಲಾ ಎಳೀಬೇಕು. ಇಪ್ಪತ್ತು ದಿನ ಸುಮಾರಾಗಿ ಕೆಲಸ ಮಾಡಿದ ಬೆನ್ನಿಗೆ ಒಂದೇ ಸಲ ಮೂರು ಪಟ್ಟು ಭಾರ ಬಿದ್ರೆ ಅದು ಮುನಿಸ್ಕೊಳ್ಳುತ್ತೆ. ಭಾರ ಎತ್ತೋದೇ ತಪ್ಪು ಅಂತ ನಾನು ಹೇಳಲ್ಲ, ಎತ್ತಿ ಎತ್ತಿ ಅಭ್ಯಾಸ ಇರೋ ಬೆನ್ನು ಗಟ್ಟಿ ಇರುತ್ತೆ. ದಿಢೀರ್ ಅಂತ ಬೀಳೋ ಭಾರ ಮತ್ತೆ ಮೈಯಿಂದ ದೂರ ಹಿಡ್ಕೊಂಡ ಭಾರ, ಇವೆರಡು ಕೆಟ್ಟವು. ಜರ್ಮನಿಲಿ ಒಬ್ಬ ಮನುಷ್ಯನ ಡಿಸ್ಕ್ ಒಳಗೇ ಸೂಜಿಯಂಥ ಮಾಪಕ ಇಟ್ಟು ಒತ್ತಡ ಅಳೆದು 1999ರಲ್ಲಿ ಪ್ರಕಟ ಮಾಡಿದ್ರು. ಮಲಗಿದಾಗ 0.1, ಸುಮ್ಮನೆ ನಿಂತಾಗ 0.5, ಆ ಅಳತೆಗೆ ಮೆಗಾಪ್ಯಾಸ್ಕಲ್ ಅಂತಾರೆ. 20 ಕೆಜಿ ಭಾರಾನ ಬೆನ್ನು ಬಾಗಿಸಿ ದೂರದಿಂದ ಎತ್ತಿದ್ರೆ 2.3, ಮಂಡಿ ಮಡಚಿ ಎತ್ತಿದ್ರೆ 1.7, ಅದೇ 20 ಕೆಜಿ ಎದೆಗೆ ಅವಚಿ ಹಿಡ್ಕೊಂಡು ನಿಂತ್ರೆ 1.1. ಅಂದ್ರೆ ಕೂಸನ್ನ ಹೆಂಗೆ ಎತ್ಕೊಳ್ತೀರೋ ಹಂಗೆ ಎತ್ಕೊಳ್ಳಿ ಟೊಮೆಟೊ ಕ್ರೇಟಾಗ್ಲಿ ಹಾಲಿನ ಕ್ಯಾನಾಗ್ಲಿ. ಸೊಪ್ಪಿನ ಹೊರೆ ದೊಡ್ಡದೊಂದು ಕಟ್ಟೋ ಬದಲು ಸಣ್ಣದು ಎರಡು ಕಟ್ಟಿ, ತಲೆ ಮೇಲೆ ಇಡೋಕೆ ಇನ್ನೊಬ್ರನ್ನ ಕರೀರಿ, ತಳ್ಳೋ ಗಾಡಿ ಇದ್ರೆ ಇನ್ನೂ ಒಳ್ಳೇದು. ಹುಳದ ಮನೇಲಿ ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಸೊಪ್ಪು ಹಾಕೋವಾಗ ಒಂದು ಮಂಡಿ ನೆಲಕ್ಕೆ ಊರಿ.

ರೀಲರ್ ಅಣ್ಣಂದಿರದ್ದು, ಅಲ್ಲಿ ಕೆಲಸ ಮಾಡೋ ಅಕ್ಕಂದಿರದ್ದು ಬೇರೆ ಕಥೆ, ಅವರದ್ದು ಕತ್ತು. ಕುದಿಯೋ ನೀರಿನ ಬೇಸಿನ್ ಮೇಲೆ ಬಗ್ಗಿ ಗೂಡಿಂದ ಎಳೆ ಹುಡುಕ್ತಾ, ಹರಿದ ಎಳೆ ಸೇರಿಸ್ತಾ ಗಂಟೆಗಟ್ಟಲೆ. ನಮ್ಮ ತಲೆ ತೂಕ ಸುಮಾರು ಐದು ಕೆಜಿ. ನೆಟ್ಟಗಿದ್ದಾಗ ಆ ಐದು ಕೆಜಿ ಮೂಳೆ ಮೇಲೆ ಕೂತಿರುತ್ತೆ, ಮುಂದಕ್ಕೆ ಬಾಗಿದ್ರೆ ಕತ್ತಿನ ಹಿಂದಿನ ಮಾಂಸಖಂಡ ಅದನ್ನ ಹಗ್ಗದಲ್ಲಿ ಎಳೆದು ಹಿಡ್ಕೊಂಡಂಗೆ ಹಿಡ್ಕೊಂಡಿರ್ಬೇಕು. ಸಂಜೆ ಹೊತ್ತಿಗೆ ಭುಜದವರೆಗೂ ಕಲ್ಲಾಗಿರುತ್ತೆ. ಇದಕ್ಕೆ ಸರಿಯಾದ ಭಂಗಿ ಅಂತ ಒಂದಿಲ್ಲ. ನೆಟ್ಟಗೆ ಕೂತ್ರೂ ನಾಲ್ಕು ಗಂಟೆ ಅಲ್ಲಾಡದೆ ಕೂತ್ರೆ ನೋಯುತ್ತೆ. ಅರ್ಧ ಗಂಟೆಗೊಂದ್ಸಲ ಕೈ ಬಿಟ್ಟು ಮೂರು ಕೆಲಸ ಮಾಡಿ: ಗದ್ದಾನ ಹಿಂದಕ್ಕೆ ಎಳ್ಕೊಳ್ಳಿ, ಎರಡು ಗದ್ದ ಕಾಣೋ ಹಾಗೆ, ಹತ್ತು ಸಲ. ಹಿಂದಿನ ರೆಕ್ಕೆ ಮೂಳೆ ಎರಡೂ ಒಂದಕ್ಕೊಂದು ತಾಗಿಸೋ ಹಾಗೆ ಭುಜ ಹಿಂದಕ್ಕೆ ಎಳೀರಿ, ಹತ್ತು ಸಲ. ಆಮೇಲೆ ಎಡಕ್ಕೆ ಬಲಕ್ಕೆ ನಿಧಾನಕ್ಕೆ ನೋಡಿ. ಒಂದೂವರೆ ನಿಮಿಷ ಸಾಕು, ರೇಷ್ಮೆ ಎಲ್ಲೂ ಹೋಗಲ್ಲ. ಬೆಳಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರೋ ಹುಡುಗ್ರಿಗೂ ಇದೇ, ಬಸ್ಸಲ್ಲಿ ಕೂತ ಕ್ಷಣದಿಂದ ಇಳಿಯೋವರೆಗೂ ಫೋನ್ ನೋಡ್ತಾ ತೊಡೆ ಮೇಲೆ ತಲೆ ಇಟ್ಟಂಗೆ ಇರ್ತೀರ, ಫೋನನ್ನ ಎದೆ ಮಟ್ಟಕ್ಕೆ ಎತ್ತಿ, ಮೊಣಕೈಗೆ ಬ್ಯಾಗ್ ಆಸರೆ ಕೊಡಿ.

ಒಂದು ವಿಷಯ ಮಾತ್ರ ಕೈ ಮುಗಿದು ಕೇಳ್ಕೊಳ್ತೀನಿ. ಕಟಿಂಗ್ ಶಾಪಲ್ಲಿ ಶೇವಿಂಗ್ ಆದ್ಮೇಲೆ ತಲೆ ಹಿಡಿದು ಲಟಕ್ ಅಂತ ತಿರುಗಿಸ್ತಾರಲ್ಲ, ಅದನ್ನ ಮಾಡಿಸ್ಕೊಳ್ಬೇಡಿ. ಕತ್ತಿನ ಮೂಳೆಗಳ ರಂಧ್ರದೊಳಗೇ ಮೆದುಳಿಗೆ ರಕ್ತ ಒಯ್ಯೋ ಎರಡು ನಾಳ ಹೋಗುತ್ತೆ, ಆ ತಿರುಗಿಸೋ ರಭಸಕ್ಕೆ ನಾಳದ ಒಳಪದರ ಸೀಳಿ ಸ್ಟ್ರೋಕ್ ಆದ ಉದಾಹರಣೆ ಇದೆ. ಅಪರೂಪ, ನಿಜ. ಆದ್ರೆ ಮೂವತ್ತು ವಯಸ್ಸಿನ ಹುಡುಗನಿಗೆ ಆದ್ರೆ ಅವನ ಮನೆಗೆ ಅದು ಅಪರೂಪ ಅಲ್ಲ.

ಈಗ ಸ್ವಲ್ಪ ದಾರಿ ಬಿಟ್ಟು ಹೋಗ್ತೀನಿ, ಆದ್ರೆ ನಮ್ಮ ಜಿಲ್ಲೇಲಿ ಬೆನ್ನು ನೋವಿನ ಬಗ್ಗೆ ಮಾತಾಡಿ ನೀರಿನ ಬಗ್ಗೆ ಮಾತಾಡ್ದೇ ಇದ್ರೆ ಅದು ಅರ್ಧ ಮಾತು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಪಾವಗಡ ಈ ಪಟ್ಟಿ ಪೂರ್ತಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಸಾವಿರ ಅಡಿ ದಾಟಿ ಕೊರೆದು ತೆಗೆಯೋ ನೀರು, ಬಂಡೆ ಒಳಗಿಂದ ಕರಗಿ ಬರೋದು. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ. ಹಲ್ಲು ಹಳದಿ, ಕಂದು ಕಲೆ ಆಗೋದು ಎಲ್ರಿಗೂ ಗೊತ್ತು, ಆದ್ರೆ ಅದು ವರ್ಷಗಟ್ಟಲೆ ಮೈಗೆ ಸೇರಿದ್ರೆ ಮೂಳೆ ಮತ್ತೆ ಮೂಳೆ ಕಟ್ಟಿರೋ ನಾರೂ ಗಟ್ಟಿಯಾಗ್ತಾ ಹೋಗಿ ಬೆನ್ನು ಬಿದಿರಿನ ಗಳ ಆದಂಗೆ ಆಗುತ್ತೆ. ಕತ್ತು ತಿರುಗಿಸೋಕೆ ಇಡೀ ಮೈ ತಿರುಗಿಸ್ಬೇಕು, ನೆಲದ ಮೇಲೆ ಬಿದ್ದ ನಾಣ್ಯ ಎತ್ತೋಕೆ ಆಗಲ್ಲ, ಗದ್ದ ಎದೆಗೆ ತಾಗಲ್ಲ. ಬಾಗೇಪಲ್ಲಿ ಕಡೆಯಿಂದ ಬರೋ ವಯಸ್ಸಾದೋರಲ್ಲಿ ನಾನು ಇದನ್ನ ಮೊದಲು ನೋಡ್ತೀನಿ. ಅದು ಬಂದ್ಮೇಲೆ ವಾಪಸ್ ಮಾಡೋ ಔಷಧಿ ಇಲ್ಲ, ತಡೆಯೋದೊಂದೇ ದಾರಿ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀರ, ಒಳ್ಳೇದು, ಆದ್ರೆ ಕುಡಿಯೋಕೆ ಮಾತ್ರ ಅದು, ಮುದ್ದೆಗೂ ಸಾರಿಗೂ ಬೋರ್ ನೀರೇ. ಮುದ್ದೆಗೆ ಎಸರಿಡೋದೂ ಕ್ಯಾನ್ ನೀರೇ ಆಗ್ಲಿ. ಘಟಕ ಕೆಟ್ಟು ನಿಂತಿದ್ರೆ ಪಂಚಾಯ್ತಿಗೆ ಹೋಗಿ ಕೇಳಿ, ಅದು ನಿಮ್ಮ ಮಕ್ಕಳ ಬೆನ್ನಿನ ಪ್ರಶ್ನೆ.

ಚಿಕಿತ್ಸೆಗೆ ಬರೋಣ. ನಾನು ಫಿಸಿಯೋಥೆರಪಿಸ್ಟ್ ಆಗಿ ಹೇಳ್ತಿದೀನಿ, ಕರೆಂಟ್ ಮೆಷಿನ್ ಕೊಡೋದು, ಅಲ್ಟ್ರಾಸೌಂಡ್ ಉಜ್ಜೋದು, ಸೊಂಟಕ್ಕೆ ತೂಕ ಕಟ್ಟಿ ಎಳೆಯೋ ಟ್ರಾಕ್ಷನ್, ಇವು ಹಳೇ ಸೊಂಟ ನೋವಿಗೆ ವಾಡಿಕೆಯಾಗಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಲ್ಲಿ ಕೊಟ್ಟ ಮಾರ್ಗದರ್ಶಿಲಿ ಬರ್ದಿದೆ, ಸೊಂಟಕ್ಕೆ ಬೆಲ್ಟ್ ಹಾಕ್ಕೊಳ್ಳೋದೂ ಅದೇ ಪಟ್ಟಿಲಿದೆ. ಬೇಕು ಅಂತ ಹೇಳಿರೋದು ಯಾವ್ದು ಅಂದ್ರೆ ವ್ಯಾಯಾಮ, ನೋವು ಏನು ಅಂತ ಬಿಡಿಸಿ ಹೇಳೋದು, ಮನಸ್ಸಿಗೆ ಸಂಬಂಧಪಟ್ಟ ಚಿಕಿತ್ಸೆ, ಮಸಾಜ್ ಥರದ ಕೈ ಚಿಕಿತ್ಸೆ, ಸ್ವಲ್ಪ ದಿನಕ್ಕೆ ಉರಿಯೂತ ಇಳಿಸೋ ಮಾತ್ರೆ. ಹತ್ತು ದಿನ ಕರೆಂಟ್ ಹಾಕಿಸ್ಕೊಂಡು ದಿನಕ್ಕಿಷ್ಟು ಅಂತ ದುಡ್ಡು ಕೊಟ್ಟು ಮನೇಲಿ ಏನೂ ಮಾಡದೆ ಕೂತ್ರೆ ಹನ್ನೊಂದನೇ ದಿನ ನೋವು ಅಲ್ಲೇ ಇರುತ್ತೆ. ನಿಮಗೆ ವ್ಯಾಯಾಮ ಹೇಳಿಕೊಡದ, ಬರೀ ಮೆಷಿನ್ ಹಾಕಿ ಕಳ್ಸೋ ಕಡೆ ಹೋಗ್ಬೇಡಿ. ಮಾತ್ರೆ ವಿಷಯಕ್ಕೆ, ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ನೋವಿನ ಮಾತ್ರೆ ತಿಂಗಳಾನುಗಟ್ಟಲೆ ನುಂಗಿದ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದ್ರೆ ಬರುತ್ತೆ, ಬಿಪಿ ಶುಗರ್ ಇರೋರಿಗೆ ಇನ್ನೂ ಅಪಾಯ, ಡಾಕ್ಟ್ರು ಎಷ್ಟು ದಿನಕ್ಕೆ ಬರ್ಕೊಟ್ಟಿದಾರೋ ಅಷ್ಟೇ ದಿನ. ಹೆಸರು ಇಲ್ಲದ ಪೊಟ್ಟಣದ ಪುಡಿ, ಮಾತ್ರೆ ತಗೊಳ್ಳಲೇಬೇಡಿ, ಒಂದೇ ದಿನಕ್ಕೆ ಮಂತ್ರ ಹಾಕ್ದಂಗೆ ನೋವು ಮಾಯ ಆದ್ರೆ ಅದರಲ್ಲಿ ಸ್ಟೀರಾಯ್ಡ್ ಇರ್ಬೋದು ಅಂತ ಅನುಮಾನ ಪಡಿ, ಅದು ಮೂಳೆನೇ ಟೊಳ್ಳು ಮಾಡುತ್ತೆ.

ವ್ಯಾಯಾಮ ಅಂದ ತಕ್ಷಣ "ಮೇಡಂ ನಾವು ದಿನಾ ಹೊಲದಲ್ಲಿ ಕೆಲಸ ಮಾಡ್ತೀವಲ್ಲ ಅದೇ ವ್ಯಾಯಾಮ" ಅಂತೀರ. ಹೊಲದ ಕೆಲಸದಲ್ಲಿ ಮುಂದಕ್ಕೆ ಬಗ್ಗೋದು ಸಾವಿರ ಸಲ, ಹಿಂದಕ್ಕೆ ಬಾಗೋದು ಒಂದ್ಸಲಾನೂ ಇಲ್ಲ, ಅದಕ್ಕೇ ಬೇರೆ ವ್ಯಾಯಾಮ ಬೇಕು. ನ್ಯೂಜಿಲೆಂಡಲ್ಲಿ ರಾಬಿನ್ ಮೆಕೆಂಜಿ ಅಂತ ಒಬ್ಬರು ಫಿಸಿಯೋಥೆರಪಿಸ್ಟ್ ಇದ್ರು. 1956ರಲ್ಲಿ ಅವರ ಹತ್ರ ಕಾಲಿಗೆಲ್ಲ ನೋವು ಎಳೀತಿದ್ದ ಒಬ್ಬ ರೋಗಿ ಬಂದ, ವಾರಗಟ್ಟಲೆ ಚಿಕಿತ್ಸೆ ಕೊಟ್ರೂ ಕಮ್ಮಿ ಇಲ್ಲ. ಅವತ್ತು ಹೋಗಿ ಮಂಚದ ಮೇಲೆ ಬೋರಲು ಮಲಗಿರಿ ಅಂತ ಕಳ್ಸಿದ್ರು. ಮಂಚದ ತಲೆಭಾಗ ಹಿಂದಿನ ರೋಗಿಗೋಸ್ಕರ ಮೇಲಕ್ಕೆ ಎತ್ತಿದ್ದು ಹಂಗೇ ಇತ್ತು, ಅವನು ಅದರ ಮೇಲೇ ಬೋರಲು ಮಲಗ್ದ, ಸೊಂಟ ಹಿಂದಕ್ಕೆ ಬಾಗಿ. ಇವರು ವಾಪಸ್ ಬಂದು ನೋಡಿ ಗಾಬರಿ ಆದ್ರು, ಅವನು ನೋಡಿದ್ರೆ ಇಷ್ಟು ವಾರದಲ್ಲಿ ಇವತ್ತೇ ಆರಾಮು, ಕಾಲಿನ ನೋವು ಹೋಯ್ತು ಅಂದ. ಅಲ್ಲಿಂದ ಒಂದು ಚಿಕಿತ್ಸಾ ಪದ್ಧತಿನೇ ಬೆಳೀತು. ನಮ್ಮ ಭುಜಂಗಾಸನಕ್ಕೆ ಅದು ಬಹಳ ಹತ್ರ. ಬೋರಲು ಮಲಗಿ ಮೊಣಕೈ ಊರಿ ಎರಡು ನಿಮಿಷ ಇರಿ, ಆಮೇಲೆ ಅಂಗೈ ಊರಿ ಎದೆ ಎತ್ತಿ, ಸೊಂಟ ನೆಲದ ಮೇಲೇ ಇರ್ಲಿ, ಹತ್ತು ಸಲ. ಇದರಲ್ಲಿ ಒಂದು ಗುರುತು ನೆನಪಿಟ್ಕೊಳ್ಳಿ: ಪಾದದಲ್ಲಿದ್ದ ನೋವು ಮಂಡಿಗೆ, ಮಂಡಿಯಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಮೇಲಕ್ಕೆ ಸರೀತಿದ್ರೆ ಒಳ್ಳೇ ಸೂಚನೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದ್ರೂ ಮುಂದುವರೀರಿ. ನೋವು ಕೆಳಗೆ ಪಾದದ ಕಡೆ ಇಳೀತಿದ್ರೆ ನಿಲ್ಲಿಸಿ, ಅದು ನಿಮಗೆ ಆಗಿಬರೋ ವ್ಯಾಯಾಮ ಅಲ್ಲ. ವಯಸ್ಸಾಗಿ ನರದ ದಾರಿ ಕಿರಿದಾಗಿರೋರಿಗೆ, ಅಂದ್ರೆ ಸ್ವಲ್ಪ ದೂರ ನಡೆದ್ರೆ ಕಾಲು ಜೋಮು ಬಂದು ಕೂತ್ರೆ ಸರಿಹೋಗೋರಿಗೆ, ಹಿಂದಕ್ಕೆ ಬಾಗೋದು ಒಗ್ಗಲ್ಲ, ಅವರು ಮಲಗಿ ಮಂಡಿ ಎದೆಗೆ ಎಳ್ಕೊಳ್ಳೋದು ಮಾಡ್ಬೇಕು.

ಇನ್ನೆರಡು ಎಲ್ರೂ ಮಾಡ್ಬೋದು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲಕ್ಕೆ ಎತ್ತಿ ಐದು ಎಣಿಸಿ ಇಳಿಸೋದು. ಇನ್ನೊಂದು, ಅಂಬೆಗಾಲಿಟ್ಟು ಬಲಗೈ ಎಡಗಾಲು ಒಟ್ಟಿಗೆ ಚಾಚಿ ಹಿಡಿಯೋದು, ಆಮೇಲೆ ಎಡಗೈ ಬಲಗಾಲು. ಇವಕ್ಕೆ ಹತ್ತು ನಿಮಿಷ. ಮತ್ತೆ ನಡಿಗೆ! ನಡಿಗೆ ಬಗ್ಗೆ 2024ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಪರೀಕ್ಷೆ ಬಂತು, ಸೊಂಟ ನೋವು ವಾಸಿಯಾದ 701 ಜನರಲ್ಲಿ ಅರ್ಧ ಜನಕ್ಕೆ ಫಿಸಿಯೋ ಸಲಹೆ ಜೊತೆ ವಾರಕ್ಕೆ ಐದು ದಿನ ಅರ್ಧ ಗಂಟೆ ನಡಿಗೆವರೆಗೂ ಮೆಲ್ಲಮೆಲ್ಲಗೆ ತಂದ್ರು, ಇನ್ನರ್ಧ ಜನಕ್ಕೆ ಏನೂ ಇಲ್ಲ. ನಡೆಯದೋರಿಗೆ ಸುಮಾರು 112 ದಿನಕ್ಕೆ ನೋವು ಮತ್ತೆ ಬಂತು, ನಡೆದೋರಿಗೆ 208 ದಿನ ಬರ್ಲಿಲ್ಲ. ಯಾವ ಮೆಷಿನ್ನೂ ಇಷ್ಟು ಕೊಟ್ಟಿರೋದು ನಾನು ನೋಡಿಲ್ಲ.

ಹೆಣ್ಮಕ್ಕಳು ಒಬ್ಬರಲ್ಲ ಒಬ್ಬರು ಕೇಳೇ ಕೇಳ್ತೀರ, ಸಿಸೇರಿಯನ್ ಆದಾಗ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಸೊಂಟ ಹೋಯ್ತು ಅಂತ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯ್ಬೋದು, ವರ್ಷಗಟ್ಟಲೆ ನೋವಿಗೆ ಅದು ಕಾರಣ ಅಲ್ಲ, ಇಂಜೆಕ್ಷನ್ ಇಲ್ಲದೆ ಹೆರಿಗೆ ಆದೋರಿಗೂ ಅಷ್ಟೇ ನೋವಿರುತ್ತೆ. ಒಂಬತ್ತು ತಿಂಗಳು ಹೊಟ್ಟೆ ಸ್ನಾಯು ಹಿಗ್ಗಿರುತ್ತೆ, ಬಾಣಂತನದಲ್ಲಿ ತಿಂಗಳುಗಟ್ಟಲೆ ಎದ್ದಿರಲ್ಲ, ಆಮೇಲೆ ಒಂದೇ ಸಲ ಮಗು ಎತ್ತೋದು, ಬಗ್ಗಿ ನೀರು ಹಾಕೋದು. ಹೊಟ್ಟೆ ಬೆನ್ನು ಎರಡಕ್ಕೂ ಶಕ್ತಿ ತುಂಬಿದ್ರೆ ಅದು ಹೋಗುತ್ತೆ. ಇಂಜೆಕ್ಷನ್ ಮೇಲೆ ತಪ್ಪು ಹೊರಿಸಿ ಹದಿನೈದು ವರ್ಷ ಸುಮ್ಮನೆ ನೋವು ತಿಂದ ಅಕ್ಕಂದಿರನ್ನ ನೋಡಿದೀನಿ, ಎರಡು ತಿಂಗಳ ವ್ಯಾಯಾಮಕ್ಕೆ ಹೋಗೋ ನೋವು ಅದು.

ಈಗ ಹೇಳೋದನ್ನ ದಯವಿಟ್ಟು ಬರ್ಕೊಳ್ಳಿ, ಫೋನಲ್ಲಾದ್ರೂ ಸರಿ. ಇಲ್ಲಿವರೆಗೂ ಹೆದರ್ಬೇಡಿ ಅಂದೆ, ಇವು ಬಂದ್ರೆ ಮಾತ್ರ ಹೆದರ್ಬೇಕು, ವ್ಯಾಯಾಮ ಗೀಯಾಮ ಬಿಟ್ಟು ಹೊರಡ್ಬೇಕು. ಮೂತ್ರ ಕಟ್ಕೊಂಡ್ರೆ ಇಲ್ಲಾ ಗೊತ್ತಾಗದಂಗೆ ಹೋದ್ರೆ, ಕೂತಾಗ ನೆಲಕ್ಕೆ ತಾಗೋ ಜಾಗ, ಮಲ ಮೂತ್ರದ ಜಾಗದ ಸುತ್ತ ಸ್ಪರ್ಶ ಗೊತ್ತಾಗ್ದೇ ಇದ್ರೆ, ಎರಡೂ ಕಾಲಲ್ಲಿ ಶಕ್ತಿ ಕುಗ್ತಿದ್ರೆ, ಅವತ್ತೇ, ರಾತ್ರಿ ಎರಡು ಗಂಟೆ ಆದ್ರೂ ಸರಿ ಅವತ್ತೇ ದೊಡ್ಡಾಸ್ಪತ್ರೆಗೆ. ಅಲ್ಲಿ ಆಪರೇಷನ್ನೇ ಬೇಕು, ತಡ ಆದ್ರೆ ಮೂತ್ರದ ಹಿಡಿತ ಜೀವನಪೂರ್ತಿ ಬರದೇ ಇರ್ಬೋದು. ಮುಜುಗರ ಪಟ್ಕೊಂಡು ಹೆಂಗಸರು ಇದನ್ನ ಹೇಳಲ್ಲ, ಅದಕ್ಕೇ ಇಷ್ಟು ಬಿಚ್ಚಿ ಹೇಳ್ತಿದೀನಿ. ಪಾದ ಜೋತು ಬಿದ್ದು ನಡೆಯೋವಾಗ ಚಪ್ಪಲಿ ಜಾರಿ ಹೋಗಿದ್ದೇ ಗೊತ್ತಾಗದಿದ್ರೆ ಅದೂ ತಡ ಮಾಡ್ಬಾರದು. ಕತ್ತಿಗೆ ಬಂದ್ರೆ, ಅಂಗಿ ಗುಂಡಿ ಹಾಕೋಕೆ, ಎಳೆ ಹಿಡಿಯೋಕೆ ಬೆರಳು ಮಾತು ಕೇಳ್ತಿಲ್ಲ, ನಡಿಗೆ ತೂರಾಡ್ತಿದೆ ಅಂದ್ರೆ ಮಿದುಳುಬಳ್ಳಿ ಒತ್ತಿದೆ ಅಂತ ಅನುಮಾನ, ನೋವೇ ಇಲ್ಲದೇ ಇರ್ಬೋದು. ಬಿದ್ದು ಪೆಟ್ಟಾಗಿದ್ರೆ, ಮುಂಚೆ ಕ್ಯಾನ್ಸರ್ ಬಂದಿದ್ರೆ ಪರೀಕ್ಷೆ ಬೇಕು. ಸಂಜೆ ಜ್ವರ, ತೂಕ ಇಳಿಯೋದು, ರಾತ್ರಿ ಮಲಗಿದ್ರೂ ಬಿಡದ ನೋವು ಇದ್ರೆ ಬೆನ್ನು ಮೂಳೆಗೆ ಟಿಬಿ ಬಂದಿರ್ಬೋದು, ನಮ್ಮ ದೇಶದಲ್ಲಿ ಇದನ್ನ ಮರೀಲೇಬಾರದು, ಬೇಗ ಕಂಡ್ರೆ ಬಹಳ ಜನಕ್ಕೆ ಮಾತ್ರೆಲೇ ವಾಸಿ ಆಗುತ್ತೆ, ಮಾತ್ರೆ ಸರ್ಕಾರದಿಂದ ಫ್ರೀ. ಇನ್ನು ನಲವತ್ತರೊಳಗಿನ ಹುಡುಗ್ರಿಗೆ ಬೆಳಗ್ಗೆ ಎದ್ದಾಗ ಅರ್ಧ ಗಂಟೆ ಮೇಲೆ ಬೆನ್ನು ಮರಗಟ್ಟಿ ಓಡಾಡಿದ್ಮೇಲೆ ಸಡಿಲ ಆಗೋದು ತಿಂಗಳುಗಟ್ಟಲೆ ಇದ್ರೆ ಅದು ವಾತದ ಕಾಯಿಲೆ ಇರ್ಬೋದು, ರುಮಟಾಲಜಿ ಡಾಕ್ಟ್ರ ಹತ್ರ ಹೋಗ್ಬೇಕು. ಸ್ಕ್ಯಾನ್ ಬೇಕಾಗೋದು ಇಂಥವಕ್ಕೆ.

ಹಂಗಾದ್ರೆ ಆಪರೇಷನ್ ಕೆಟ್ಟದ್ದಾ ಅಂದ್ರೆ ಅಲ್ಲ. ನೆದರ್ಲೆಂಡಲ್ಲಿ 283 ಜನ ತೀವ್ರ ಸಯಾಟಿಕಾ ಇರೋರನ್ನ ತಗೊಂಡು ಅರ್ಧ ಜನಕ್ಕೆ ಬೇಗ ಆಪರೇಷನ್, ಅರ್ಧ ಜನಕ್ಕೆ ಕಾದು ನೋಡೋಣ ಅಂತ ಮಾಡಿದ್ದು 2007ರಲ್ಲಿ ಪ್ರಕಟ ಆಯ್ತು. ಆಪರೇಷನ್ ಆದೋರಿಗೆ ಕಾಲು ನೋವು ಬೇಗ ಇಳೀತು, ಒಂದು ವರ್ಷ ಆದ್ಮೇಲೆ ನೋಡಿದ್ರೆ ಎರಡೂ ಗುಂಪಲ್ಲಿ ನೂರಕ್ಕೆ 95 ಜನ ಚೇತರಿಸ್ಕೊಂಡಿದ್ರು. ಆದ್ರೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು, ಕಾಯೋ ಗುಂಪಲ್ಲಿ ನೂರಕ್ಕೆ 39 ಜನ ತಡೆಯೋಕಾಗದೆ ನಡುವೆ ಆಪರೇಷನ್ ಮಾಡಿಸ್ಕೊಂಡ್ರು. ಹಂಗಾಗಿ ಎರಡು ಮೂರು ತಿಂಗಳು ಸರಿಯಾಗಿ ಪ್ರಯತ್ನ ಪಟ್ಟೂ ಕಾಲು ನೋವು ನಿದ್ದೆ ಕೆಡಿಸ್ತಾನೇ ಇದ್ರೆ ಆಪರೇಷನ್ ಮಾಡಿಸ್ಕೊಳ್ಳೋದು ಸೋಲಲ್ಲ. ಬರೀ ಸೊಂಟ ನೋವು, ಕಾಲಿಗೆ ಇಳಿದಿಲ್ಲ ಅನ್ನೋರು ಮಾತ್ರ ಆಪರೇಷನ್ ಅಂದ್ರೆ ಇನ್ನೊಬ್ಬ ಡಾಕ್ಟ್ರನ್ನ ಕೇಳ್ದೇ ಒಪ್ಕೋಬೇಡಿ.

ಅಲ್ಲಿ ಹಿಂದೆ ಅಜ್ಜಿ ಕೇಳ್ತಿದಾರೆ, ನೆಲದ ಮೇಲೆ ಮಲಗೋದಾ ಹಾಸಿಗೆ ಮೇಲಾ ಅಂತ. ಅಮ್ಮ, ಬರೀ ನೆಲಾನೂ ಬೇಡ, ಹೂತೋಗೋ ಹಾಸಿಗೇನೂ ಬೇಡ. ಸ್ಪೇನಲ್ಲಿ 313 ಜನಕ್ಕೆ ಹಾಸಿಗೆ ಬದಲಾಯಿಸಿ ನೋಡಿದಾಗ ಗಟ್ಟಿ ಹಾಸಿಗೆಗಿಂತ ಮಧ್ಯಮ ಹಾಸಿಗೆಯೋರಿಗೆ ನೋವು ಕಮ್ಮಿ ಇತ್ತು. ನಿಮ್ಮ ಹತ್ತಿ ಹಾಸಿಗೇನೇ ಬಿಸಿಲಿಗೆ ಹಾಕಿ ಬಡಿದು ಹಾಸ್ಕೊಳ್ಳಿ, ಪಕ್ಕಕ್ಕೆ ಮಲಗೋವಾಗ ಮಂಡಿ ನಡುವೆ ಹಳೇ ಸೀರೆ ಸುತ್ತಿ ಇಟ್ಕೊಳ್ಳಿ, ಏಳೋವಾಗ ನೆಟ್ಟಗೆ ಏಳ್ಬೇಡಿ, ಮಗ್ಗುಲಾಗಿ ಕೈ ಊರಿ ಏಳಿ.

ಮುಕ್ಕಾಲು ಗಂಟೆ ಆಯ್ತು ನೀವೆಲ್ಲ ಕೂತು, ಎದ್ದು ನಿಂತ್ಕೊಳ್ಳಿ. ಆ ಗೋಡೆ ಕಡೆ ಆರು ಚಾಪೆ ಹಾಸಿದೀವಿ. ಕಾಲಿಗೆ ಜೋಮು ಇಳಿಯೋರು ಮೊದಲು ಬನ್ನಿ, ಬೋರಲು ಮಲಗಿಸಿ ನೋವು ಮೇಲಕ್ಕೆ ಸರೀತಾ ಕೆಳಕ್ಕೆ ಇಳೀತಾ ನೋಡೋಣ. ಕತ್ತು ನೋವಿನೋರು ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದ ಹಿಂದಕ್ಕೆ ಎಳೆಯೋದು ಶುರು ಮಾಡಿ, ಕವರ್ ಆಮೇಲೆ ತೆಗೆಯೋಣ.